ಲಾಭ ಎನ್ನದೆ ಎಣಿಸಿದ ಅರಸ

೧೯೫೮ ಜನವರಿ ೧೯, ಭಾನುವಾರ. ಶಿಕಾರಿಪುರ

ರಾಜೇಶ್ವರಮ್ಮ, ಮಗಳೇ, ಹೇಗಿದ್ದೀಯ? ಅಳಿಯ ಪರಮಶಿವಪ್ಪನವರ ಬೆನ್ನುನೋವು ಭತ್ತದ ಒಕ್ಕಲಾಟದ ಹೊತ್ತಿಗೆ ಮತ್ತೆ ಎದ್ದಿಲ್ಲ ತಾನೆ? ನಿನ್ನ ಅತ್ತೆ ಅಕ್ಕನಾಗಮ್ಮನವರ ಕಣ್ಣಿಗೆ ಆ ಹನಿ ಬಿಟ್ಟ ಮೇಲೆ ಸೂಜಿಗೆ ದಾರ ಪೋಣಿಸುವಷ್ಟಾದರೂ ಕಾಣುತ್ತದೆಯೇ? ನಿಮ್ಮನೆ ಕೆಲಸದ ಹುಚ್ಚಮ್ಮನ ಕಾಲಿನ ಮುಳ್ಳು ಹೊರಬಂತೋ, ಇನ್ನೂ ಅದನ್ನೇ ನೆಪ ಮಾಡಿಕೊಂಡು ನಿನ್ನ ಕೈಯಲ್ಲಿ ಕಾಫಿ ಮಾಡಿಸಿಕೊಂಡು ಕುಡಿಯುತ್ತಿದ್ದಾಳೋ? ಇಲ್ಲಿ ನಿನ್ನ ಅವ್ವ ಬಸವಣ್ಣೆಮ್ಮನಿಗೆ ಚಳಿಯ ಕೆಮ್ಮು. ನನಗೆ ಅರವತ್ತೆರಡು ವರ್ಷ. ಅದನ್ನು ಬಿಟ್ಟರೆ ಬೇರೆ ರೋಗವಿಲ್ಲ.

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ನಿಮ್ಮ ಹಿರೇಕೊಪ್ಪಕ್ಕೆ ಬಂದ ಕಾಗದ ಮೊದಲು ಪಟೇಲ ಕೆಂಪಪ್ಪನ ಜಗಲಿಯಲ್ಲಿ ಎಲ್ಲರೆದುರು ಓದಿಸಿಕೊಂಡು, ಆಮೇಲೆ ನಿನ್ನ ಕೈಗೆ ಬರುತ್ತದೆ. ಅಂಥ ಕಾಗದದಲ್ಲಿ ಅಪ್ಪನಾದವನಿಗೆ ಹೆದರಿಕೆ ಬರೆಯಲಾಗುತ್ತದೆಯೇ? ಅದಕ್ಕೆ ಅಂಗಡಿಯ ಒಂದು ರೂಲುಪುಸ್ತಕದಲ್ಲಿ, ನಿನಗೆ ಹೇಳಿದ ಹಾಗೆ ಮಾಡಿಕೊಂಡು, ನನಗೇ ಬರೆದುಕೊಳ್ಳುತ್ತಿದ್ದೇನೆ.

ಹೆದರಿಕೆ ಏನೆಂದರೆ, ಮೊನ್ನೆ ಸಿರಾಳಕೊಪ್ಪದ ಸಂತೆಯಲ್ಲಿ ಸೊರಬದ ಕಡೆಯವರು ಮಾತಾಡಿಕೊಳ್ಳುತ್ತಿದ್ದರು. ಕ್ಯಾಸನೂರಿನ ಕಾಡಿನಲ್ಲಿ ಈ ವರ್ಷವೂ ಮಂಗಗಳು ಮರದಿಂದ ಉದುರುತ್ತಿವೆಯಂತೆ. ಹೋದ ವರ್ಷ ಶುರುವಾದದ್ದೂ ಹೀಗೆಯೇ. ಮೊದಲು ಮಂಗ, ಆಮೇಲೆ ಸೊಪ್ಪು ಸೌದೆ ತರಲು ಹೋದ ಮನುಷ್ಯರು. ಉರಿಜ್ವರ, ಕೆಂಡದಂಥ ಕಣ್ಣು, ಒಸಡಿನಲ್ಲಿ ರಕ್ತ. ಕ್ಯಾಸನೂರಿಗೂ ನಿಮ್ಮೂರಿಗೂ ಎರಡೇ ಮೈಲಿ. ಮಂಗಕ್ಕೆ ಮೈಲಿಗಲ್ಲು ಓದಲು ಬರುತ್ತದೆಯೇ?

ಮನಸ್ಸು ಬೇರೆ ಕಡೆ ಹರಿಯಲಿ ಅಂತ ಒಂದು ಕೆಲಸ ಒಪ್ಪಿಕೊಂಡಿದ್ದೇನೆ. ಸುಬ್ಬಪ್ಪನ ಟೂರಿಂಗ್ ಟಾಕೀಸು ಬಂದು ಕೆರೆಯ ಆಚೆಯ ಬಯಲಿನಲ್ಲಿ ಟೆಂಟು ಹೊಡೆದಿದೆ. ಈ ಸಲ ಅವನ ಕೈಗೆ ಸಿಕ್ಕಿರುವುದು ಅಮೆರಿಕದ ಹಾಲಿವುಡ್ಡಿನ ಹಳೆಯ ಪಿಕ್ಚರು. ಕ್ರೈಸ್ತರ ಶಾಸ್ತ್ರದಲ್ಲಿ ಬರುವ ಒಬ್ಬ ಅರಸನ ಕಥೆ. ಮಾತೆಲ್ಲ ಇಂಗ್ಲಿಷು. ಪರದೆಯ ಪಕ್ಕ ನಿಂತು ತಗಡಿನ ತುತ್ತೂರಿಯಲ್ಲಿ ಕನ್ನಡ ಹೇಳುವವರು ಬೇಕು. ಡಿಕ್ಷನರಿ ಎದುರಿಗಿಟ್ಟುಕೊಂಡು ಇಂಗ್ಲಿಷು ಕಲಿತವನು, ಮಠದಲ್ಲಿ ಪುರಾಣ ಹೇಳಿ ಗಂಟಲು ಪಳಗಿಸಿದವನು, ಈ ಊರಿನಲ್ಲಿ ಅಂಗಡಿ ಸದಾಶಿವಪ್ಪನೊಬ್ಬನೇ ಅಂತ ಸುಬ್ಬಪ್ಪ ಹೊಗಳಿದ. ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ, ನಿನಗೆ ಗೊತ್ತಲ್ಲ.

ನಿನ್ನೆ ಮುಸ್ಸಂಜೆ ನನಗೊಬ್ಬನಿಗೇ ಓಡಿಸಿ ತೋರಿಸಿದ. ಏನು ಹೇಳಲಿ! ಬಳ್ಳಿಗಾವಿಯ ಗುಡಿಯ ಕಂಬಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಆ ಕೋಟೆಯ ಬಾಗಿಲು ಮುಟ್ಟುವುದಿಲ್ಲ. ಸಾವಿರಾರು ಜನ, ಸುಳ್ಳುಜನವಲ್ಲ, ನಿಜವಾದ ಕಾಲುಗಳು ನಿಜವಾದ ಧೂಳೆಬ್ಬಿಸುತ್ತವೆ. ಕುದುರೆಗಳು ಓಡಿಬಂದರೆ ಬೆಂಚು ಅಲುಗಿದಂತಾಗುತ್ತದೆ. ಹುಳುಕೂ ಇದೆ. ಅರಸನ ಗಡ್ಡ ಕಿವಿಯ ಹತ್ತಿರ ಅಂಟು ಬಿಟ್ಟಿದೆ. ಊರಿಗೆ ಊರೇ ಸಾಯುವಾಗಲೂ ರಾಣಿಯ ತುಟಿಬಣ್ಣ ಕದಲುವುದಿಲ್ಲ. ಹೆಣದ ರಾಶಿಯಲ್ಲಿ ಒಬ್ಬ ಕಣ್ಣು ಪಿಳುಕಿಸಿದ.

ಕಥೆ ಇಷ್ಟೇ. ಅರಸ ಗರ್ವದಿಂದ ಪ್ರಜೆಗಳ ತಲೆ ಎಣಿಸಲು ಅಪ್ಪಣೆ ಮಾಡುತ್ತಾನೆ. ದೇವರು ಸಿಟ್ಟಾಗಿ ಮೂರು ದಿನ ಮಾರಿಯನ್ನು ಬಿಡುತ್ತಾನೆ. ಕರಿಯ ಹೊಗೆಯಂಥದೊಂದು ಬೀದಿಬೀದಿ ಹರಿದು, ಬಾಗಿಲ ಸಂದಿಯಲ್ಲಿ ನುಗ್ಗಿ, ಮಲಗಿದವರನ್ನು ಎಳೆದುಕೊಂಡು ಹೋಗುತ್ತದೆ. ಕೊನೆಗೆ ಒಬ್ಬ ರೈತನ ಕಣದಲ್ಲಿ ಬಂದು ನಿಲ್ಲುತ್ತದೆ. ಕಣ, ರಾಜಿ. ರಾಶಿ, ಎತ್ತು, ಹುಲ್ಲು, ಎಲ್ಲ ನಮ್ಮ ಹಾಗೆಯೇ. ಆ ಹೊಗೆ ಹೊಸ್ತಿಲು ದಾಟಿದಾಗ ನನ್ನ ಮೈಮೇಲೆ ಮುಳ್ಳೆದ್ದಿತು. ಸುಖವೂ ಆಯಿತು, ಸುಳ್ಳು ಹೇಳಲಾರೆ. ಹೆದರಿಕೆ ಅಲ್ಲಿ ಪರದೆಯ ಮೇಲೆ, ನಾನು ಇಲ್ಲಿ ಬೆಂಚಿನ ಮೇಲೆ.

ಜನವರಿ ೨೬, ಭಾನುವಾರ

ಪಿಕ್ಚರು ನೋಡಲು ಬಂದಿದ್ದ ನಿಮ್ಮನ್ನೆಲ್ಲ ಸೊರಬದ ಬಸ್ಸು ಹತ್ತಿಸಿ ಈಗ ತಾನೆ ಬಂದು ಕೂತೆ. ಮನೆ ಬಿಕೋ ಅನ್ನುತ್ತಿದೆ. ನೀನು ಮಡಚಿಟ್ಟ ಹೊದಿಕೆಯನ್ನು ನಿನ್ನ ಅವ್ವ ಇನ್ನೂ ತೆಗೆದಿಲ್ಲ.

ನಿನ್ನೆಯ ಆಟ ನೀನೇ ನೋಡಿದೆ. ಆದರೂ ಒಳಗಿನದನ್ನು ಬರೆದಿಡುತ್ತೇನೆ. ಅರಸನ ಕಡೆಯವರು ಜನರನ್ನು ಎಣಿಸಲು ತೊಡಗಿದಾಗ ಟೆಂಟಿನಲ್ಲಿ ಗುಸುಗುಸು ಎದ್ದಿತಲ್ಲ, ಎಣಿಸಿದರೆ ಏನು ತಪ್ಪಾಯ್ತು ಅಂತ ಹಿಂದಿನಿಂದ ಒಬ್ಬ ಕೂಗಿದನಲ್ಲ, ಆಗ ನನಗೆ ಗಾಬರಿಯಾಯಿತು. ಕಥೆ ಬೀಳುತ್ತಿದೆ ಅನ್ನಿಸಿತು. ಪಾದ್ರಿಯೊಬ್ಬರು ಎಂದೋ ಕೊಟ್ಟಿದ್ದ ಅವರ ಶಾಸ್ತ್ರವನ್ನು ತೆಗೆದು ಓದಿಕೊಂಡಿದ್ದೆ. ಅದರಲ್ಲಿಯೂ ಎಣಿಸುವುದು ಪಾಪ ಯಾಕೆ ಅಂತ ನಮ್ಮವರಿಗೆ ನಾಟುವಂತೆ ಏನೂ ಇಲ್ಲ. ಅಷ್ಟರಲ್ಲಿ ಮಾತು ತಾನಾಗಿ ಬಂತು. ರಾಶಿ ಅಳೆಯುವಾಗ ನೀವು ಮೊದಲ ಕೊಳಗಕ್ಕೆ ಒಂದು ಅನ್ನುತ್ತೀರೇನ್ರಪ್ಪಾ ಅಂತ ಕೇಳಿದೆ. ಲಾಭ ಅನ್ನುತ್ತೀರಿ. ಲಾಭ, ಎರಡು, ಮೂರು. ಒಂದು ಅಂದರೆ ರಾಶಿಗೆ ದೃಷ್ಟಿ. ಈ ಅರಸ ಹೆತ್ತವರ ಮಕ್ಕಳನ್ನು ಎಣಿಸಿದ, ಲಾಭ ಅನ್ನಲಿಲ್ಲ, ಒಂದು ಅಂದ.

ಆಮೇಲಿನ ನಿಶ್ಶಬ್ದ ಕೇಳಿದೆಯಲ್ಲ? ಮಿಷನ್ನಿನ ಟಕಟಕ ಬಿಟ್ಟರೆ ಉಸಿರಿಲ್ಲ. ಕರಿಯ ಹೊಗೆ ಬಂದಾಗ ಹೆಂಗಸರ ಕಡೆ ಒಬ್ಬಳು ಸೆರಗಿನಲ್ಲಿ ಮಗುವಿನ ತಲೆ ಮುಚ್ಚಿದಳು. ಮಠದಲ್ಲಿ ಮೂವತ್ತು ವರ್ಷ ಪುರಾಣ ಹೇಳಿದ್ದೇನೆ, ಅಷ್ಟು ಜನರ ಉಸಿರು ನನ್ನ ಮುಷ್ಟಿಯಲ್ಲಿ ಎಂದೂ ಸಿಕ್ಕಿರಲಿಲ್ಲ. ಕೊನೆಯಲ್ಲಿ ಅರಸ ಕಣದಲ್ಲಿ ನೇಗಿಲು ಮುರಿದು ಬೆಂಕಿ ಮಾಡಿ ಎತ್ತುಗಳನ್ನು ಬಲಿಕೊಡುತ್ತಾನೆ. ಅದನ್ನು ನನ್ನ ಬಾಯಲ್ಲಿ ಹೇಗೆ ಹೇಳಲಿ? ಎತ್ತಿನ ಕಾಲಿಗೆ ಹಾಲೆರೆದು ತಪ್ಪೊಪ್ಪಿಕೊಂಡ ಅಂದೆ. ಪರದೆಯ ಮೇಲೆ ಹೊಗೆ ಕಾಣುತ್ತಿತ್ತು. ಅದು ಧೂಪ ಅಂದೆ. ಎಲ್ಲರೂ ಕೈಮುಗಿದರು.

ಬೆಳಿಗ್ಗೆ ರೊಟ್ಟಿ ತಿನ್ನುವಾಗ ಹುಚ್ಚಮ್ಮ ಕೇಳಿದ್ದು ನೆನೆದರೆ ಈಗಲೂ ನಗು ಬರುತ್ತದೆ.

“ಸಾವ್ಕಾರ್ರೆ, ಆ ಅರಸ ಸಾಯೋರನ್ನ ನೋಡ್ಕೋತ ಅಷ್ಟೊತ್ತು ನಿಂತಿದ್ನಲ್ಲ, ಒಬ್ಬರಿಗಾದ್ರೂ ಒಂದು ಲೋಟ ನೀರು ಕೊಡಬಾರದಾಗಿತ್ತಾ?”

ಅರಸರು ನೀರು ಕೊಡುವುದಿಲ್ಲ ಕಣೆ ಅಂದೆ.

“ಹಂಗಾರೆ ಅಷ್ಟುದ್ದ ಗಡ್ಡ ಎಂತಕ್ಕೆ ಅವನಿಗೆ? ಕಿತ್ತು ಕಸಬರಿಗೆ ಕಟ್ಟಲಿ.”

ನಿನ್ನ ಅತ್ತೆ ಮಾತ್ರ ನಗಲಿಲ್ಲ. ಜೊತೆಗೆ ಬಂದಿದ್ದ ಪಟೇಲ ಕೆಂಪಪ್ಪನೂ ನಗಲಿಲ್ಲ. ಚಪ್ಪಲಿ ಮೆಟ್ಟುವಾಗ ನನ್ನನ್ನು ಪಕ್ಕಕ್ಕೆ ಕರೆದು, ಇದು ನಡೆದದ್ದೇನ್ರಿ ಅಂತ ಮೆಲ್ಲಗೆ ಕೇಳಿದ. ನಡೆದದ್ದೇ, ಶಾಸ್ತ್ರದಲ್ಲಿದೆ ಅಂದೆ. ಹೊರಡುವ ಹೊತ್ತಿನಲ್ಲಿ ಎಷ್ಟು ಅಂತ ಬಿಡಿಸಿ ಹೇಳಲಿ?

ಒಂದು ಮಾತು ಮಾತ್ರ ಚುಚ್ಚುತ್ತಿದೆ. ನಿಮ್ಮೂರ ಹಳ್ಳದ ಹಾದಿಯಲ್ಲಿ ಸತ್ತುಬಿದ್ದಿದ್ದ ಮಂಗವನ್ನು ಹುಚ್ಚಮ್ಮ ತನ್ನ ಹಳೆಯ ಸೀರೆಯಲ್ಲಿ ಸುತ್ತಿ, ಅರಿಶಿನ ಇಟ್ಟು, ಮಣ್ಣು ಮಾಡಿ ಬಂದಳಂತೆ. ಮುಟ್ಟಬೇಡ ಕಣೆ ಅಂದರೆ, ಆಂಜನೇಯನ ಕುಲ ಹಾದೀಲಿ ಬಿದ್ದಿದ್ದರೆ ದಾಟಿ ಬರೋಕಾಗ್ತದಾ ಅಂತ ನನಗೇ ತಿರುಗಿ ಕೇಳಿದಳು. ಸೊಪ್ಪಿಗೆ ಅವಳ ಜೊತೆ ನೀನೂ ಕಾಡಿಗೆ ಹೋಗುತ್ತೀಯಾ? ಬಸ್ಸಿನ ಹತ್ತಿರ ಕೇಳಬೇಕೆಂದಿದ್ದೆ. ಜನ ನನ್ನ ಕಥೆಯ ಮಾತೆತ್ತಿದರು, ಮರೆತೆ.

ಫೆಬ್ರವರಿ ೪, ಮಂಗಳವಾರ

ಅಳಿಯಂದಿರ ಕಾಗದ ಬಂತು. ಊರಿಗೆ ರೋಗದ ಲೆಕ್ಕ ಬರೆಯುವವರು ಬಂದಿದ್ದರಂತೆ. ಸರ್ಕಾರದವರು, ಜೊತೆಗೆ ಪುಣೆಯಿಂದ ಬಂದ ಡಾಕ್ಟರು. ಮನೆಗೆ ಎಷ್ಟು ಜನ, ಯಾರಿಗೆ ಜ್ವರ, ಯಾವ ಕಾಡಿಗೆ ಹೋಗಿದ್ದರು ಅಂತ ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಂತೆ. ಕೆಂಪಪ್ಪ ಊರಬಾಗಿಲಲ್ಲೇ ಅವರನ್ನು ತಡೆದು, ನಮ್ಮೂರಲ್ಲಿ ತಲೆ ಎಣಿಸಬೇಡಿ, ಎಣಿಸಿದರೆ ಏನಾಗುತ್ತದೆ ಅಂತ ಶಿಕಾರಿಪುರದಲ್ಲಿ ಕಣ್ಣಾರೆ ನೋಡಿ ಬಂದಿದ್ದೇವೆ ಅಂದನಂತೆ.

ಓದಿದಾಗ ಮೊದಲು ನಕ್ಕೆ. ನಿನ್ನ ಅವ್ವನಿಗೂ ಓದಿ ಹೇಳಿದೆ. ಅವಳು ನಗಲಿಲ್ಲ. ನೀವು ಹೇಳಿದ್ದಕ್ಕೆ ತಾನೇ ಅಂದಳು. ಅದು ಪಿಕ್ಚರು ಅಂದೆ. ಅವರಿಗೆ ಹಾಗಂತ ಹೇಳಿದ್ದೀರಾ ಅಂದಳು.

ಟೆಂಟು ಮೂರನೆಯ ವಾರಕ್ಕೆ ಕಾಲಿಟ್ಟಿದೆ. ತಾಳಗುಂದದ ಕಡೆಯಿಂದಲೂ ಜನ ಬರುತ್ತಿದ್ದಾರೆ. ನಿನ್ನೆ ಲಾಭದ ಮಾತನ್ನು ಬಿಟ್ಟು ಹೇಳಿ ನೋಡಿದೆ. ಆಗಲೇ ಒಮ್ಮೆ ನೋಡಿದವರು, ಲಾಭದ್ದು ಹೇಳ್ರಿ ಸಾವ್ಕಾರ್ರೆ, ನುಂಗಬ್ಯಾಡ್ರಿ ಅಂತ ಕೂಗಿದರು. ಹೇಳಿದೆ.

ಫೆಬ್ರವರಿ ೧೦, ಸೋಮವಾರ

ಇವತ್ತು ಅಂಗಡಿಗೆ ಒಬ್ಬ ಬಂದ. ಖಾಕಿ ಚಡ್ಡಿ, ಧೂಳು ಹಿಡಿದ ಬೂಟು, ನಿದ್ದೆ ಕಾಣದ ಕಣ್ಣು. ಹೆಸರು ಮಾಸ್ತಪ್ಪ, ಸೊರಬದ ಕಡೆ ಲೆಕ್ಕ ಬರೆಯುವವರಲ್ಲಿ ಒಬ್ಬ. ಪಿಕ್ಚರಿಗೆ ಕಥೆ ಹೇಳೋರು ನೀವೇ ಏನ್ರಿ ಅಂತ ಕೇಳಿದ. ಹೊಗಳಲು ಬಂದಿದ್ದಾನೆ ಅಂದುಕೊಂಡು ಬೆಲ್ಲ ನೀರು ತರಿಸಿದೆ.

ಅವನು ನೀರು ಕುಡಿದು ನಿಧಾನವಾಗಿ ಹೇಳಿದ. ಕ್ಯಾಸನೂರಿನ ಸುತ್ತ ಹತ್ತಾರು ಹಳ್ಳಿಗಳಲ್ಲಿ ಬಾಗಿಲು ಮುಚ್ಚಿಬಿಟ್ಟಿದ್ದಾರೆ. ಒಳಗೆ ನರಳುವುದು ಹೊರಗೆ ಕೇಳುತ್ತದೆ. ಕೇಳಿದರೆ, ನಮ್ಮನೇಲಿ ಯಾರಿಗೂ ಏನೂ ಇಲ್ಲ ಅನ್ನುತ್ತಾರೆ. ಸತ್ತರೆ ಬೆಳಗಾಗುವುದರೊಳಗೆ ಮಣ್ಣು ಮಾಡುತ್ತಾರೆ. ಸತ್ತ ಮಂಗದ ಮೈಯಿಂದ ಉದುರುವ ಉಣ್ಣೆಹುಳ ಕಚ್ಚಿದರೆ ಬರುವ ಜ್ವರ ಇದು ಅಂತ ಡಾಕ್ಟರುಗಳ ಅಂದಾಜು. ಯಾವ ಮನೆಗೆ ಬಂತು ಅಂತ ಗೊತ್ತಾದರೆ ಅವರು ಯಾವ ಕಾಡಿಗೆ ಹೋಗಿದ್ದರು ಅಂತ ಗೊತ್ತಾಗುತ್ತದೆ. ಆ ಕಾಡಿಗೆ ಹೋಗಬೇಡಿ ಅಂತ ಉಳಿದವರಿಗೆ ಹೇಳಬಹುದು. ಲೆಕ್ಕವಿಲ್ಲದಿದ್ದರೆ ದಾರಿಯಿಲ್ಲ.

“ಎಲ್ಲಾ ಕಡೆ ಒಂದೇ ಮಾತು ಹೇಳ್ತಾರ್ರಿ,” ಅಂದ. “ನೀವು ಒಂದು ಅಂತೀರಿ, ನಮ್ಮ ಜನ ಸಾಯ್ತಾರೆ, ಅಂತ. ನಾನು ಲಾಭ ಅಂತಲೇ ಎಣಿಸ್ತೀನಿ ಅಂದೆ. ಅದಕ್ಕೂ ಒಪ್ಪಲಿಲ್ಲ. ನೀವು ಒಂದ್ಸಲ ಬಂದು ಹೇಳಬೇಕು.”

ಬರುತ್ತೇನೆ ಅಂದೆ. ಯಾವತ್ತು ಅಂದ. ನಾಡಿದ್ದು, ಹೆಂಡತಿಯ ಕೆಮ್ಮು ಸ್ವಲ್ಪ ಇಳಿಯಲಿ, ಅಂಗಡಿಗೆ ಯಾರನ್ನಾದರೂ ಕೂರಿಸಿ ಅಂದೆ. ಅವನು ತಲೆಯಾಡಿಸಿ ಎದ್ದ. ಬಾಗಿಲಲ್ಲಿ ನಿಂತು, ನಾನು ನಾಡಿದ್ದಿನ ಹೊತ್ತಿಗೆ ಏಳು ಊರು ತಿರುಗಿರ್ತೀನಿ ಅಂದ, ಕೊಂಕು ಇರಲಿಲ್ಲ.

ರಾಜಿ, ಇಲ್ಲಿ ಸುಳ್ಳು ಬರೆಯುವುದಿಲ್ಲ. ನಿನ್ನ ಅವ್ವನ ಕೆಮ್ಮು ಅಷ್ಟೇನೂ ಇಲ್ಲ. ನನಗೆ ಆ ಕಾಡಿನ ಹಾದಿಯ ಭಯ. ಅದಕ್ಕಿಂತ ಹೆಚ್ಚಾಗಿ, ಕೈಮುಗಿದ ಜನರ ಎದುರು ನಿಂತು ನಾನು ಕಟ್ಟಿ ಹೇಳಿದೆ ಅನ್ನುವ ಭಯ. ಯಾವ ಭಯ ದೊಡ್ಡದು ಅಂತ ತೂಗಿ ನೋಡಿದೆ. ಬರೆಯಲು ನಾಚಿಕೆಯಾಗುತ್ತದೆ.

ಸಂಜೆ ಆಟಕ್ಕೆ ಹೋದೆ. ಲಾಭದ ಮಾತನ್ನೂ ಹೇಳಿದೆ.

ಫೆಬ್ರವರಿ ೧೩, ಗುರುವಾರ

ಅಳಿಯಂದಿರ ಕಾರ್ಡು. ನಾಲ್ಕೇ ಸಾಲು.

ಹುಚ್ಚಮ್ಮ ತೀರಿಕೊಂಡಳಂತೆ. ಒಂಬತ್ತು ದಿನದ ಜ್ವರ. ಅವಳ ಅಕ್ಕ ಮಾಳಮ್ಮನ ಗುಡಿಸಲಿನಲ್ಲಿ ಒಳಗೇ ಇಟ್ಟಿದ್ದರಂತೆ. ಲೆಕ್ಕದವರು ಬಾಗಿಲಿಗೆ ಬಂದಾಗ ಯಾರೂ ಇಲ್ಲ ಅಂದಿದ್ದರಂತೆ.

ಆಮೇಲೆ, ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಇಲ್ಲ.

ಕೆಳಗೆ ಮತ್ತೆ, ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಇಲ್ಲ.

ಯಾಕೆ ಎರಡು ಸಲ?

ಫೆಬ್ರವರಿ ೧೪, ಶುಕ್ರವಾರ. ಸೊರಬ

ಮೊದಲ ಬಸ್ಸಿಗೆ ಹೊರಟೆ. ನಿನ್ನ ಅವ್ವ ಬುತ್ತಿ ಕಟ್ಟಿದಳು, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಬಸ್ಸಿನಲ್ಲಿ ಯಾರೋ ನನ್ನ ಗುರುತು ಹಿಡಿದು ಪಕ್ಕದವನಿಗೆ ತೋರಿಸಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಉದ್ದಕ್ಕೂ ಗದ್ದೆಯ ಕೂಳೆ, ಕಣದಲ್ಲಿ ರಾಶಿ. ಒಂದೊಂದು ಕಣದ ಹತ್ತಿರ ಬಂದಾಗಲೂ ಕಣ್ಣು ಮುಚ್ಚಿಕೊಂಡೆ.

ಮಾಸ್ತಪ್ಪ ಆಸ್ಪತ್ರೆಯ ಹತ್ತಿರ ಸಿಕ್ಕ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಬೈಯಲೂ ಇಲ್ಲ. ನಾಳೆ ಬೆಳಿಗ್ಗೆ ಜೀಪು ಹಿರೇಕೊಪ್ಪದ ಕಡೆಗೇ ಹೋಗುತ್ತದೆ, ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಳ್ಳಿ ಅಂದ. ಜಗಲಿಯಲ್ಲಿ ಒಬ್ಬ ಗಂಡಸನ್ನು ಮಲಗಿಸಿದ್ದರು. ಮೂಗಿಗೆ ಹತ್ತಿ ಇಟ್ಟಿದ್ದರು. ಅವನು ನೀರು, ನೀರು ಅಂತ ಕೇಳುತ್ತಲೇ ಇದ್ದ. ಕೊಡುತ್ತಲೇ ಇದ್ದರು. ಸಾವು ಇಷ್ಟು ನಿಧಾನ ಅಂತ ನನಗೆ ಗೊತ್ತಿರಲಿಲ್ಲ.

ಫೆಬ್ರವರಿ ೧೬, ಭಾನುವಾರ. ಸೊರಬ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಕೈ ಓಡಲಿಲ್ಲ.

ನಿನ್ನ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಬನ್ನಿ ಬೀಗರೇ, ಕಾಲು ತೊಳಕೊಳ್ಳಿ ಅಂದರು. ಆದರೆ ಬಾಗಿಲು ಬಿಡಲಿಲ್ಲ. ರಾಜಿ ಎಲ್ಲಿ ಅಂದೆ. ಉಳವಿಯ ಕಡೆ ನೆಂಟರ ಮನೆಗೆ ಹೋಗಿದ್ದಾಳೆ ಅಂದರು. ಯಾವ ನೆಂಟರು ಅಂದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿಂದೆ ಪರಮಶಿವಪ್ಪನವರು ನೆಲ ನೋಡುತ್ತಾ ನಿಂತಿದ್ದರು. ಅವರನ್ನು ಸರಿಸಿ ಒಳಗೆ ಹೋಗಿ ಅಟ್ಟದ ಏಣಿ ಹತ್ತಿದೆ.

ಭತ್ತದ ಚೀಲಗಳ ಹಿಂದೆ ನೀನು ಮಲಗಿದ್ದೆ. ಕಣ್ಣು ಎರಡೂ ದಾಸವಾಳ. ತುಟಿಯ ಮೂಲೆಯಲ್ಲಿ ಒಣಗಿದ ರಕ್ತ. ನನ್ನನ್ನು ನೋಡಿ ನೀನೇ ನನ್ನ ಕೈ ಹಿಡಿದು ಹತ್ತಿರ ಎಳೆದೆ. ನೀನು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ.

“ಮೆಲ್ಲಗೆ ಮಾತಾಡಿ ಅಪ್ಪಾಜಿ. ಲೆಕ್ಕದವರು ಊರಲ್ಲೇ ಇದ್ದಾರೆ.”

ನಾನು ಕಲಿಸಿದ ಅಕ್ಷರ ಓದಿದವಳು ನೀನು. ನೀನೂ ನಂಬಿದೆ.

ಏಣಿ ಇಳಿದು ಬಂದೆ. ಅತ್ತೆ ಅಳುತ್ತಿದ್ದರು. ಎಣಿಸಿದರೆ ಜೀವ ನಿಲ್ಲುವುದಿಲ್ಲ ಬೀಗರೇ, ಅದಕ್ಕೇ ಅವಳನ್ನು ಕಾಪಾಡಿಕೊಂಡಿದ್ದೇನೆ, ಎಂಟು ದಿನದಿಂದ ನಾನು ಮಲಗಿಲ್ಲ ಅಂದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕಿದೆ?

ಕೆಂಪಪ್ಪನ ಕಣದಲ್ಲಿ ಜನ ಸೇರಿದ್ದರು. ರಾಶಿ ಮಾಡಿ ಅಳೆಯಲು ಕೊಳಗ ಇಟ್ಟಿದ್ದರು. ನಾನು ಹೋಗಿ ನಿಂತೆ. ಮಾಸ್ತಪ್ಪ ಪುಸ್ತಕ ಹಿಡಿದು ಹತ್ತು ಮಾರು ದೂರದಲ್ಲಿ ನಿಂತ. ನಾನು ಅವತ್ತು ಹೇಳಿದ್ದರಲ್ಲಿ ಲಾಭದ ಮಾತು ಆ ಪಿಕ್ಚರಿನಲ್ಲಿ ಇಲ್ಲ, ಶಾಸ್ತ್ರದಲ್ಲಿಯೂ ಇಲ್ಲ, ನೀವು ಕಥೆ ಕೇಳಬೇಕು ಅಂತ ನಾನೇ ಸೇರಿಸಿದ್ದು ಅಂದೆ. ಎತ್ತಿಗೆ ಹಾಲೆರೆದದ್ದೂ ನಾನೇ, ಧೂಪವೂ ನಾನೇ ಅಂದೆ. ಅದು ದೂರದೇಶದವರು ಬಣ್ಣ ಹಚ್ಚಿಕೊಂಡು ಆಡಿದ ಆಟ, ಆ ಮಾರಿ ಬರೀ ಹೊಗೆ ಅಂದೆ.

ಕೆಂಪಪ್ಪ ಕೊಳಗ ಕೆಳಗಿಟ್ಟ.

“ನಡೆದದ್ದೇ ಅಂದ್ರಲ್ರಿ. ಶಾಸ್ತ್ರದಲ್ಲಿದೆ ಅಂದ್ರಿ.”

“ಅಂದೆ.”

“ಅವತ್ತು ಸುಳ್ಳು ಹೇಳಿದೋರು ಇವತ್ತು ನಿಜ ಹೇಳ್ತೀರಿ ಅಂತ ನಾವು ಹೆಂಗೆ ನಂಬೋದು ಮಾರಾಯ್ರೆ?”

ಅವನು ಕೇಳಿದ್ದು ನ್ಯಾಯವೇ ಆಗಿತ್ತು, ರಾಜಿ.

“ನನ್ನನ್ನು ನಂಬಬೇಡ,” ಅಂದೆ. “ನನ್ನ ಮಗಳು ಅಟ್ಟದ ಮೇಲೆ ಇದ್ದಾಳೆ. ಎಂಟು ದಿನದ ಜ್ವರ. ಮಾಸ್ತಪ್ಪ, ಬರೆದುಕೊಳ್ಳಪ್ಪ. ಒಂದು.”

ಯಾರೋ ಹೆಂಗಸು, ಲಾಭ ಅನ್ರಿ, ಲಾಭ ಅನ್ರಿ ಅಂತ ಹಿಂದಿನಿಂದ ಪಿಸುಗುಟ್ಟಿದಳು. ನನ್ನ ನಾಲಿಗೆ ಆ ಕಡೆ ಎಳೆಯಿತು. ಅರವತ್ತೆರಡು ವರ್ಷದ ರೂಢಿ. ನನಗೂ ಹೆದರಿಕೆಯಾಯಿತು, ನಿಜವಾಗಿ, ಮೈಯೆಲ್ಲ. ನಿನ್ನ ತಲೆಯ ಮೇಲೆ ನಾನೇ ಏನನ್ನೋ ಕರೆಯುತ್ತಿದ್ದೇನೆ ಅನ್ನಿಸಿತು. ಆದರೂ ಮತ್ತೆ ಒಂದು ಅಂತಲೇ ಅಂದೆ.

ಮಾಸ್ತಪ್ಪ ಬರೆದುಕೊಂಡ. ಪೆನ್ಸಿಲಿನ ಸದ್ದು ಕೇಳಿಸಿತು.

ಆಮೇಲೆ ಹುಚ್ಚಮ್ಮನ ಅಕ್ಕ ಮಾಳಮ್ಮ ಗುಂಪಿನಿಂದ ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. ಮಾಸ್ತಪ್ಪನ ಎದುರು ನಿಂತಳು.

“ನಮ್ಮ ಹುಚ್ಚಮ್ಮನ್ನ ಬಿಟ್ಟು ಮುಂದೆ ಹೋಗಬ್ಯಾಡಿ. ಆ ಕಡಿ ಹಳ್ಳದ ಹಾದೀಲಿ ಮಂಗನ್ನ ಮಣ್ಣು ಮಾಡಿದ್ಲು. ಬರಕೊಳ್ಳಿ.”

ಸತ್ತವರನ್ನು ಬರೆಯುವ ಕಾಲಂ ಬೇರೆ ಇದೆಯೇನೋ ಅಂತ ಮಾಸ್ತಪ್ಪ ಪುಟ ತಿರುವಿದ. ತಿರುವುವುದನ್ನು ನಿಲ್ಲಿಸಿ, ನಿನ್ನ ಹೆಸರಿನ ಕೆಳಗೇ ಬರೆದ. ಎರಡು.

ಬಿಸಿಲೇರುವಷ್ಟರಲ್ಲಿ ಹನ್ನೊಂದು ಮನೆಯ ಬಾಗಿಲು ತೆರೆದವು. ಎಲ್ಲವೂ ಅಲ್ಲ. ಕೆಂಪಪ್ಪನದು ತೆರೆಯಲಿಲ್ಲ. ಹಳ್ಳದ ಕಡೆಯ ಕಾಡಿಗೆ ಯಾರೂ ಸೊಪ್ಪಿಗೆ ಹೋಗಬಾರದು ಅಂತ ಮಾತ್ರ ಅವನೇ ಡಂಗುರ ಹೊಡೆಸಿದ.

ನಿನ್ನನ್ನು ಚಾಪೆಯ ಸಮೇತ ಇಳಿಸಿ ಜೀಪಿನಲ್ಲಿ ಇಲ್ಲಿಗೆ ತಂದಿದ್ದೇವೆ. ಇದಕ್ಕೆ ಔಷಧಿ ಇಲ್ಲವಂತೆ. ನೀರು ಕೊಡಬೇಕು, ಕಾಯಬೇಕು.

ಫೆಬ್ರವರಿ ೨೩, ಭಾನುವಾರ. ಶಿಕಾರಿಪುರ

ಹದಿನೆಂಟನೆಯ ತಾರೀಖು ನಿನ್ನ ಜ್ವರ ಬಿಟ್ಟಿತು. ಮಾರನೆಯ ದಿನ ನಿನ್ನ ಅವ್ವನಿಗೆ ಕೆಮ್ಮು ಏರಿ ಹಾಸಿಗೆ ಹಿಡಿದಿದ್ದಾಳೆ ಅಂತ ತಂತಿ ಬಂತು. ನಾನು ನೆಪಕ್ಕೆ ಹೇಳಿದ ಕೆಮ್ಮು. ನಿನ್ನನ್ನು ಪರಮಶಿವಪ್ಪನವರಿಗೂ ಅತ್ತೆಗೂ ಒಪ್ಪಿಸಿ ಬಂದೆ. ಇಲ್ಲಿ ಈಗ ಪರವಾಗಿಲ್ಲ, ಗಂಜಿ ಕುಡಿಯುತ್ತಾಳೆ.

ಬರುವಾಗ ಡಾಕ್ಟರು ಒಂದು ಮಾತು ಹೇಳಿದರು. ನಿನ್ನ ಅವ್ವನಿಗೆ ಅದನ್ನು ಹೇಳಿಲ್ಲ. ಈ ಜ್ವರ ಬಿಟ್ಟು ಹೋದಂತೆ ಮಾಡಿ, ವಾರ ಹದಿನೈದು ದಿನಕ್ಕೆ ಕೆಲವರಿಗೆ ಮತ್ತೆ ಬರುತ್ತದೆಯಂತೆ. ಎರಡನೆಯ ಸಲ ಬಂದದ್ದು ತಲೆಗೆ ಏರಬಹುದಂತೆ. ಎಲ್ಲರಿಗೂ ಅಲ್ಲ. ಯಾರಿಗೆ ಅಂತ ಹೇಳಲಾಗುವುದಿಲ್ಲ.

ಸುಬ್ಬಪ್ಪನ ಟೆಂಟು ನಿನ್ನೆಗೆ ಕೊನೆ. ಹೋಗಿದ್ದೆ. ದೀಪ ಆರಿಸುವ ಮೊದಲು ನಿಂತು, ಲಾಭದ ಮಾತು ನನ್ನದು, ಹಳ್ಳಿಗೆ ಲೆಕ್ಕ ಬರೆಯಲು ಬಂದರೆ ಬಾಗಿಲು ತೆರೆಯಿರಿ ಅಂದೆ. ಆಮೇಲೆ ತುತ್ತೂರಿ ಕೆಳಗಿಟ್ಟು ಜನರ ನಡುವೆ ನೆಲದ ಮೇಲೆ ಕೂತೆ. ಕೆಲವರು ಎದ್ದು ಹೋದರು. ಉಳಿದವರು ಅಂಟು ಬಿಟ್ಟ ಗಡ್ಡ ಕಂಡು ನಕ್ಕರು. ಹೆದರಿಸದಿದ್ದರೆ ಯಾರು ಬರ್ತಾರ್ರಿ ಅಂತ ಸುಬ್ಬಪ್ಪ ಮುಖ ಊದಿಸಿಕೊಂಡ. ಅವನ ಮಾತಿನಲ್ಲಿ ತಪ್ಪೇನಿಲ್ಲ.

ಹೆಣದ ರಾಶಿ ಬಂದಾಗ ಕಣ್ಣಿಟ್ಟು ನೋಡಿದೆ. ಒಂದು ಮುಖವನ್ನಾದರೂ ಹತ್ತಿರದಿಂದ ತೋರಿಸುತ್ತಾರೇನೋ ಅಂತ. ತೋರಿಸಲಿಲ್ಲ. ಎತ್ತರದಿಂದ ತೋರಿಸಿ, ಅರಸನ ಕಣ್ಣೀರಿಗೆ ಹೋದರು. ಅವನ ಕಣ್ಣೀರು ಮಾತ್ರ ಪರದೆ ತುಂಬ. ತಪ್ಪು ಅವನದು, ಸತ್ತವರು ಇವರು, ಅಳು ಮತ್ತೆ ಅವನದೇ. ನೂರು ಸಲ ನಿಂತು ಹೇಳಿದ್ದೆ, ಇದು ಕಂಡಿರಲಿಲ್ಲ. ಪರದೆಯ ಪಕ್ಕ ನಿಂತವನಿಗೆ ಪಿಕ್ಚರು ಓರೆಯಾಗಿ ಕಾಣುತ್ತದೆ.

ಆದರೂ ಕುದುರೆಗಳು ಓಡಿಬಂದಾಗ ಎದೆ ಹಾರಿತು. ಅಷ್ಟು ಕುದುರೆ, ಅಷ್ಟು ಧೂಳು. ಪಕ್ಕದಲ್ಲಿದ್ದ ಯಾರೋ ಮುದುಕನ ತೋಳು ಹಿಡಿದುಬಿಟ್ಟೆ. ಅವನೂ ನನ್ನದನ್ನು ಹಿಡಿದಿದ್ದ.

ಮಾರ್ಚಿ ೨, ಭಾನುವಾರ. ಶಿಕಾರಿಪುರ

ರಾಜಿ, ಈ ಹಾಳೆಯನ್ನು ಮಾತ್ರ ಹರಿದು ಅಂಚೆಗೆ ಹಾಕುತ್ತಿದ್ದೇನೆ, ಸೊರಬದ ಆಸ್ಪತ್ರೆಯ ವಿಳಾಸಕ್ಕೆ. ನಿನ್ನ ಕೈಗೇ ಬರುತ್ತದೆ.

ಜ್ವರ ಬಿಟ್ಟು ಇಂದಿಗೆ ಹನ್ನೆರಡು ದಿನ. ನಾನು ದಿನಕ್ಕೆ ನಾಲ್ಕು ಸಲ ಅಂಚೆಯವನ ದಾರಿ ನೋಡುತ್ತೇನೆ. ಅವನು ಬೀದಿಯ ತಿರುವಿನಲ್ಲಿ ಕಂಡರೆ ಒಳಗೆ ಹೋಗಿಬಿಡುತ್ತೇನೆ. ಪರಮಶಿವಪ್ಪನವರು ತಪ್ಪದೆ ಕಾರ್ಡು ಹಾಕುತ್ತಾರೆ, ಒಳ್ಳೆಯವರು, ಚೆನ್ನಾಗಿದ್ದಾಳೆ ಅಂತಲೇ ಬರೆಯುತ್ತಾರೆ. ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಅದಕ್ಕೇ ಆ ಕಾರ್ಡು ನನಗೆ ಸಾಲುವುದಿಲ್ಲ.

ಕೊರಳು ತಿರುಗಿಸಲು ನೋವಿದೆಯೇ? ಬೆಳಕು ನೋಡಿದರೆ ತಲೆ ಸಿಡಿಯುತ್ತದೆಯೇ? ಹುಚ್ಚಮ್ಮ ನೆನಪಾಗುತ್ತಾಳೆಯೇ? ಅತ್ತೆ ನಿದ್ದೆ ಮಾಡುತ್ತಿದ್ದಾರೆಯೇ? ಇದ್ದದ್ದನ್ನು ಇದ್ದ ಹಾಗೆ ಬರೆ. ಹೆದರಿಕೆಯಾಗುತ್ತಿದ್ದರೆ ಅದನ್ನೂ ಬರೆ. ನನಗೆ ಸಮಾಧಾನ ಮಾಡಬೇಡ.

ಮತ್ತೆ ಒಂದು. ನಿನ್ನನ್ನು ಜೀಪಿಗೆ ಹತ್ತಿಸುವಾಗ ನೀನು ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದೆ. ನಾನು ಏನೂ ಆಗುವುದಿಲ್ಲ ಮಗಳೇ ಅಂತ ಮಧ್ಯೆ ಬಾಯಿ ಹಾಕಿದೆ. ನೀನು ಸುಮ್ಮನಾದೆ. ಅದು ಏನಾಗಿತ್ತು? ಬೈಗುಳವಾಗಿದ್ದರೆ ಬೈಗುಳವನ್ನೇ ಬರೆ. ಒಂದೇ ಸಾಲಾದರೂ ಸಾಕು, ಅಕ್ಷರ ಓರೆಯಾದರೂ ಸರಿ. ನಾನು ಯಾರಿಗೂ ಓದಿ ಹೇಳುವುದಿಲ್ಲ, ನಾನೊಬ್ಬನೇ ಕೂತು ಓದುತ್ತೇನೆ. ಈ ಹಾಳೆ ತಲುಪಿದ ದಿನವೇ ಬರೆ.